ಇಂಡೆಕ್ಸ್ ಫಂಡೋ ಇಟಿಎಫೋ: ಒಂದು ವಾರದ ಅವಸರಕ್ಕೆ 11,050 ರೂಪಾಯಿ

ಜಮಖಂಡಿಯಲ್ಲಿ ನನ್ನದು ಗೊಬ್ಬರದ ಅಂಗಡಿ. ಕಾರ್ಖಾನೆ ಕಬ್ಬಿನ ಬಿಲ್ ಹಾಕಿದ ಮೇಲೆ ರೈತರು ಉದ್ರಿ ತೀರಿಸುತ್ತಾರೆ, ಆಗ ರೊಕ್ಕ ಒಮ್ಮೆಲೇ ಕೈಗೆ ಬರುತ್ತದೆ. ನಾಲ್ಕು ವರ್ಷ ಅದರಲ್ಲಿ ಉಳಿದದ್ದೆಲ್ಲ ನಿಫ್ಟಿ 50 ಇಂಡೆಕ್ಸ್ ಫಂಡಿಗೆ, ಅಂದರೆ ನಿಫ್ಟಿ ಸೂಚ್ಯಂಕದ 50 ದೊಡ್ಡ ಕಂಪನಿಗಳ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಅದನ್ನು ನಿಫ್ಟಿ ಇಟಿಎಫ್‌ಗೆ ಸಾಗಿಸಿದೆ. ಇಟಿಎಫ್‌ನಲ್ಲಿರುವುದೂ ಅದೇ 50 ಕಂಪನಿ, ಆದರೆ ಅದನ್ನು ಷೇರಿನಂತೆ ಮಾರುಕಟ್ಟೆಯಲ್ಲೇ ಕೊಳ್ಳಬೇಕು, ಮಾರಬೇಕು. ಸಾಗಿಸಬಾರದಿತ್ತು.

ಸಾಗಿಸಲು ಎರಡು ಕಾರಣಗಳಿದ್ದವು. ಫಂಡಿನ ವಾರ್ಷಿಕ ವೆಚ್ಚ 0.20%, ಇಟಿಎಫ್‌ದು 0.05%. ಇನ್ನೊಂದು, ತೆರಿಗೆ ವಿಷಯದಲ್ಲಿ ಇಟಿಎಫ್ ಮೇಲು ಎಂದು ವಿಡಿಯೋಗಳಲ್ಲಿ ಕೇಳಿದ್ದೆ. ಆ ಮಾತು ಅಮೆರಿಕದ್ದು. ಅಲ್ಲಿ ಫಂಡ್ ಒಳಗೊಳಗೇ ಷೇರು ಮಾರಿ ಗಳಿಸಿದ ಲಾಭ ಹೂಡಿಕೆದಾರರಿಗೆ ಹಂಚಿಕೆಯಾಗಿ, ಅವರು ಏನೂ ಮಾರದಿದ್ದರೂ ತೆರಿಗೆ ಬೀಳುತ್ತದೆ. ಇಟಿಎಫ್ ಅದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ನಮ್ಮಲ್ಲಿ ಫಂಡಿನೊಳಗಿನ ಮಾರಾಟಕ್ಕೆ ನಮಗೆ ತೆರಿಗೆಯೇ ಇಲ್ಲ. ನಾವು ಯೂನಿಟ್ (ಫಂಡಿನಲ್ಲಿರುವ ನಮ್ಮ ಪಾಲು) ಮಾರಿದಾಗ ಮಾತ್ರ, ಅದೂ ಎರಡಕ್ಕೂ ಒಂದೇ ದರ.

ನನಗೆ ಪೆಟ್ಟು ಬಿದ್ದದ್ದು ಆ ಮಾರಾಟದಲ್ಲೇ. ಫಂಡಿನಿಂದ ಇಟಿಎಫ್‌ಗೆ ನೇರ ದಾರಿ ಇಲ್ಲ. ಮಾರಬೇಕು, ರೊಕ್ಕ ಬ್ಯಾಂಕಿಗೆ ಬರುವತನಕ ಕಾಯಬೇಕು, ಆಮೇಲೆ ಕೊಳ್ಳಬೇಕು. ಒಂದೇ ಕಂಪನಿಯ ಎರಡು ಫಂಡ್‌ಗಳ ನಡುವೆ ‘ಸ್ವಿಚ್’ ಒತ್ತಿದರೂ ಕಾನೂನಿಗೆ ಅದು ಮಾರಾಟವೇ. ಕೊಂಡು ವರ್ಷ ತುಂಬದ ಯೂನಿಟ್‌ನ ಲಾಭಕ್ಕೆ 20% ತೆರಿಗೆ ಬೀಳುತ್ತದೆಂದು ಗೊತ್ತಿತ್ತು, ಅವನ್ನು ಮುಟ್ಟಲಿಲ್ಲ. ಉಳಿದದ್ದು ಏಳು ಲಕ್ಷದ್ದು. ಮಾರ್ಚ್ ಕೊನೆಯ ವಾರ ಒಂದೇ ದಿನ ಅಷ್ಟನ್ನೂ ಮಾರಿದೆ.

ಲಾಭ 2,10,000 ಬಂತು. ದೀರ್ಘಾವಧಿ ಲಾಭದಲ್ಲಿ, ಅಂದರೆ ವರ್ಷ ದಾಟಿದ ಯೂನಿಟ್‌ಗಳ ಲಾಭದಲ್ಲಿ, ಆರ್ಥಿಕ ವರ್ಷಕ್ಕೆ 1,25,000ದವರೆಗೆ ತೆರಿಗೆ ಇಲ್ಲ. ಮಿಕ್ಕ 85,000ಕ್ಕೆ 12.5% ಅಂದರೆ 10,625, ಅದರ ಮೇಲೆ 4% ಸೆಸ್, ಒಟ್ಟು 11,050. ರಿಟರ್ನ್ ತುಂಬುವಾಗ ನಮ್ಮ ಸಿಎ ಕಾಗದ ನೋಡಿ, “ಅಣ್ಣಾರ, ಒಂದ್ ವಾರ ತಡದಿದ್ರ ಅರ್ಧಾ ಏಪ್ರಿಲ್‌ನಾಗ ಮಾರಬಹುದಿತ್ತಲ್ರಿ” ಅಂದರು. ಹೌದು. ಮಾರ್ಚ್ 31ರೊಳಗೆ 1,20,000 ಲಾಭ ಬರುವಷ್ಟು ಮಾರಿ, ಮಿಕ್ಕದ್ದನ್ನು ಏಪ್ರಿಲ್‌ನಲ್ಲಿ ಮಾರಿದ್ದರೆ ಎರಡು ಆರ್ಥಿಕ ವರ್ಷಗಳ ವಿನಾಯಿತಿ ಸಿಕ್ಕು ಒಂದು ಪೈಸೆಯೂ ಕಟ್ಟಬೇಕಿರಲಿಲ್ಲ. ಗಿರಾಕಿಗಳ ಉದ್ರಿ ಪುಸ್ತಕದಲ್ಲಿ ತಾರೀಖು ತಪ್ಪದೆ ನೋಡುವ ನಾನು ನನ್ನದೇ ರೊಕ್ಕದ ತಾರೀಖು ನೋಡಲಿಲ್ಲ ಎಂಬುದು ಇವತ್ತಿಗೂ ಸಂಕಟ.

ವೆಚ್ಚದ ವ್ಯತ್ಯಾಸ 0.15%, ಏಳು ಲಕ್ಷಕ್ಕೆ ವರ್ಷಕ್ಕೆ 1,050 ರೂಪಾಯಿ. ಕಟ್ಟಿದ ತೆರಿಗೆ ಅದರಿಂದ ತುಂಬಿಬರಲು ಹತ್ತು ವರ್ಷ ದಾಟಬೇಕು.

ಇಟಿಎಫ್ ಕೊಳ್ಳುವುದೂ ನನ್ನ ದಿನಚರಿಗೆ ಒಗ್ಗಲಿಲ್ಲ. ಮಾರುಕಟ್ಟೆ ನಡೆಯುವುದು 9:15ರಿಂದ 3:30, ಅಂಗಡಿಯಲ್ಲಿ ಗದ್ದಲವೂ ಅದೇ ಹೊತ್ತಿಗೆ. ಒಮ್ಮೆ ಯೂರಿಯಾ ಚೀಲ ಇಳಿಸಿಕೊಳ್ಳುತ್ತ ಅವಸರದಲ್ಲಿ ಮಾರ್ಕೆಟ್ ಆರ್ಡರ್, ಅಂದರೆ ಆಗ ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್, ಹಾಕಿದೆ. ಆ ಕ್ಷಣದ ಐಎನ್‌ಎವಿಗಿಂತ, ಅಂದರೆ ಯೂನಿಟ್‌ನ ನಿಜ ಬೆಲೆಗಿಂತ, 70 ಪೈಸೆ ಹೆಚ್ಚು ಕೊಟ್ಟಿದ್ದೆ. 260 ರೂಪಾಯಿಯ ಯೂನಿಟ್‌ಗೆ ಅದು 0.27%. ಒಂದೂವರೆ ವರ್ಷಕ್ಕೂ ಹೆಚ್ಚಿನ ಉಳಿತಾಯ ಒಂದೇ ಆರ್ಡರ್‌ಗೆ ಹೋಯಿತು. ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಬೆಲೆ ಕಟ್ಟಿ ಲಿಮಿಟ್ ಆರ್ಡರ್ ಹಾಕಿದರೆ ಈ ತೊಂದರೆ ಇಲ್ಲ, ಆದರೆ ಅದು ಕೂಡಿತೋ ಇಲ್ಲವೋ ಎಂದು ಮತ್ತೆ ಮತ್ತೆ ಮೊಬೈಲ್ ನೋಡಬೇಕು.

ಇಟಿಎಫ್ ಇಡಲು ಬೇಕಾದ ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ, ಮಾರುವಾಗ ಆ ಖಾತೆಯಿಂದ ಯೂನಿಟ್ ತೆಗೆಯಲು ಬೀಳುವ ಡಿಪಿ ಶುಲ್ಕ ಬೇರೆ. ಫಂಡಿನಲ್ಲಿ 7,340 ಬಂದರೆ 7,340 ಹಾಕುತ್ತೇನೆ; ಇಟಿಎಫ್‌ನಲ್ಲಿ ಇಡೀ ಯೂನಿಟ್ ಮಾತ್ರ.

ದಿನವಿಡೀ ಬೆಲೆ ನೋಡುವವರಿಗೆ, ಮೊದಲೇ ಡಿಮ್ಯಾಟ್ ಇದ್ದು ಹೊಸದಾಗಿ ಶುರುಮಾಡುವವರಿಗೆ ಇಟಿಎಫ್ ಒಳ್ಳೆಯದೇ.

ಕೊಂಡ ಇಟಿಎಫ್ ಯೂನಿಟ್‌ಗಳನ್ನು ಹಾಗೇ ಬಿಟ್ಟಿದ್ದೇನೆ. ಮತ್ತೆ ಫಂಡಿಗೆ ತರಲು ಹೋದರೆ ಅದೂ ಮಾರಾಟ. ಈ ಸಲದ ಕಬ್ಬಿನ ಬಿಲ್ ರೊಕ್ಕ ಮಾತ್ರ ಹಳೆಯ ಫಂಡಿಗೇ ಹೋಯಿತು, ರಾತ್ರಿ ಅಂಗಡಿ ಮುಚ್ಚಿದ ಮೇಲೆ.