ದೋಣಿ ಟ್ರೇಲರ್ ಗಟ್ಟಿಯಾಗಿದೆ, ಆ ನೂರರ ಮಾತು ಮಾತ್ರ ಬಿಡಿ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ವೆಲ್ಡಿಂಗ್ ವರ್ಕ್‌ಶಾಪ್‌ನಲ್ಲಿ ದೋಣಿ ಟ್ರೇಲರ್ ಮಾಡಿಸಿಕೊಂಡೆ. ನನ್ನದು ದೋಣಿಯ ಮೋಟರ್ ರಿಪೇರಿ ಕೆಲಸ. ರೆಸಾರ್ಟಿನವರ ದೋಣಿಗಳನ್ನು ಕಬಿನಿ ಕಡೆಯಿಂದ ತರಬೇಕು, ಕೆಲವು ಸಲ ಬೆಂಗಳೂರಿಗೂ ಒಯ್ಯಬೇಕು. ದೋಣಿ ಹದಿನಾಲ್ಕು ಅಡಿಯ ಫೈಬರ್‌ದು, ಹಿಂದೆ ನಲವತ್ತು ಎಚ್‌ಪಿ ಮೋಟರ್. ಎಳೆಯುವುದು ನನ್ನ ಬೊಲೆರೊ.

ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಚೌಕಟ್ಟಿನ ಕಬ್ಬಿಣದ ಚಾನಲ್‌ಗೆ ಸುಮ್ನೆ ಪೇಂಟ್ ಹೊಡೆದು ಕೈತೊಳೆದುಕೊಂಡಿಲ್ಲ, ತುಕ್ಕು ಹಿಡಿಯದ ಹಾಗೆ ಸತುವಿನ ಲೇಪ ಕೊಟ್ಟು ಗ್ಯಾಲ್ವನೈಸ್ ಮಾಡಿಸಿದ್ದಾರೆ. ನೀರಿಗೆ ಇಳಿಯುವ ಗಾಡಿಗೆ ಇದು ಬೇಕೇ ಬೇಕು. ದೋಣಿಯನ್ನು ಮೇಲಕ್ಕೆ ಎಳೆಯುವ ವಿಂಚ್ ಸಲೀಸಾಗಿ ತಿರುಗುತ್ತದೆ. ಸೇಫ್ಟಿ ಚೈನ್ ಎರಡು ಕೊಟ್ಟಿದ್ದಾರೆ, ಟ್ರೇಲರನ್ನು ಬೊಲೆರೊಗೆ ಜೋಡಿಸುವ ಹುಕ್‌ನ ಕೆಳಗೆ ಒಂದರ ಮೇಲೊಂದು ಅಡ್ಡ ಹಾಕಿ ಕಟ್ಟುವಷ್ಟು ಉದ್ದ ಇವೆ. ಹಿಂದಿನ ಲೈಟ್‌ಗಳು ಎಲ್‌ಇಡಿ.

ತಕರಾರು ಶುರುವಾಗಿದ್ದು ಸ್ಪೀಡಿನ ವಿಷಯದಲ್ಲಿ. ವರ್ಕ್‌ಶಾಪಿನ ಯಜಮಾನರು ಮಂಡ್ಯ ಕಡೆಯವರು. "ಅಣ್ಣ, ನೂರಲ್ಲಿ ಹೊಡೀರಿ, ಏನೂ ಆಗಕ್ಕಿಲ್ಲ" ಅಂದರು. ಟೈರ್ ತೋರಿಸಿ, "ನೋಡಿ, 69ಎಸ್ ಅಂತ ಬರ್ದದೆ. ಎಸ್ ಅಂದ್ರೆ 180" ಅಂತಲೂ ಸೇರಿಸಿದರು. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್, ಅದು ಸರಿ. ಆದರೆ ಅದರ ಪಕ್ಕದ 69 ಬಗ್ಗೆ ಅವರು ಮಾತೇ ಎತ್ತಲಿಲ್ಲ. ಒಂದು ಟೈರ್ 325 ಕಿಲೋ ಹೊರಬಹುದು ಅಂತ ಅದರ ಅರ್ಥ. ಎರಡು ಸೇರಿ 650. ವೇ ಬ್ರಿಡ್ಜ್‌ನಲ್ಲಿ ತೂಗಿಸಿದಾಗ ದೋಣಿ, ಮೋಟರ್, ಪೆಟ್ರೋಲ್ ಟ್ಯಾಂಕ್, ಟ್ರೇಲರ್ ಎಲ್ಲ ಸೇರಿ 640 ಬಂತು. ಹುಕ್ ಮೇಲೆ ಬೀಳುವ ಭಾರ ಕಳೆದರೂ ಟೈರಿಗೆ ಉಳಿಯುವ ಅವಕಾಶ ಅಷ್ಟಕ್ಕಷ್ಟೆ. ಇಂಥ ಟೈರಿನಲ್ಲಿ ಗಾಳಿ ಸ್ವಲ್ಪ ಕಮ್ಮಿಯಾದರೂ ಸಾಕು, ಬೇಸಿಗೆಯ ಟಾರಿನ ಮೇಲೆ ಜೋರಾಗಿ ಓಡಿಸಿದರೆ ಬಿಸಿ ಏರಿ ಪದರ ಬಿಡುತ್ತದೆ.

ಟೈರಿನ ಪಕ್ಕದಲ್ಲಿ ಇನ್ನೂ ಒಂದು ನಂಬರ್ ಇರುತ್ತದೆ, ಉದ್ದನೆಯ ದುಂಡು ಗೆರೆಯೊಳಗೆ ನಾಲ್ಕು ಅಂಕಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನಗೆ ಹಾಕಿಕೊಟ್ಟಿದ್ದರಲ್ಲಿ 2317 ಅಂತ ಇತ್ತು. ಅಂದರೆ 2017ರ 23ನೇ ವಾರದಲ್ಲಿ ತಯಾರಾದ ಮಾಲು. ಕಚ್ಚು ಹೊಸದರ ಹಾಗೇ ಇತ್ತು, ಆದರೆ ಬೆರಳಲ್ಲಿ ಒತ್ತಿ ಬಗ್ಗಿಸಿದರೆ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು. ದೋಣಿ ಟ್ರೇಲರ್ ಓಡುವುದಕ್ಕಿಂತ ಬಿಸಿಲಲ್ಲಿ ನಿಲ್ಲುವುದೇ ಜಾಸ್ತಿ, ಟೈರ್ ಸವೆಯುವ ಮೊದಲೇ ಹಳತಾಗುತ್ತದೆ. ಜರ್ಮನಿಯಲ್ಲಿ ಕಾರಿನ ಹಿಂದೆ ಟ್ರೇಲರ್ ಇದ್ದರೆ ಮಿತಿ 80. ಅಲ್ಲಿ 100ಕ್ಕೆ ಪ್ರತ್ಯೇಕ ಪರವಾನಗಿ ಬೇಕು, ಅದಕ್ಕಿರುವ ಷರತ್ತುಗಳಲ್ಲಿ ಟ್ರೇಲರ್ ಟೈರಿಗೆ ಆರು ವರ್ಷ ಆಗಿರಬಾರದು ಅನ್ನುವುದೂ ಒಂದು. ಇದನ್ನು ಹೇಳಿದ್ದಕ್ಕೆ ಯಜಮಾನರು ನಕ್ಕರು. ಆದರೆ ಟೈರ್ ಬದಲಾಯಿಸಿ ಕೊಟ್ಟರು, ದುಡ್ಡು ಕೇಳಲಿಲ್ಲ.

ಇನ್ನೊಂದು ಸಂಗತಿ ಬ್ಯಾಲೆನ್ಸ್. ಒಟ್ಟು ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಹುಕ್ ಮೇಲೆ ಕೂರಬೇಕು. ಇಲ್ಲದಿದ್ದರೆ ಸ್ಪೀಡ್ ಏರಿದಾಗ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ದೋಣಿಯಲ್ಲಿ ಮೋಟರ್ ಹಿಂದೆಯೇ ಇರುವುದರಿಂದ ಮುಂದಿನ ಭಾರ ಸುಲಭವಾಗಿ ಕಮ್ಮಿ ಬೀಳುತ್ತದೆ. ಪರಿಚಯದ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ತಕ್ಕಡಿ ಮೇಲೆ ಟ್ರೇಲರಿನ ಮೂತಿ ಇಟ್ಟು ನೋಡಿದೆ. 28 ಕಿಲೋ. ಸಾಲದು. ವಾಪಸ್ ತೆಗೆದುಕೊಂಡು ಹೋದೆ. ದೋಣಿಯನ್ನೇ ಮುಂದಕ್ಕೆ ಎಳೆದು ಕಟ್ಟಿದರಾಯಿತು ಅಂದರು. ಹಾಗೆ ಮಾಡಿದರೆ ಮೋಟರ್ ಇರುವ ಹಿಂಭಾಗಕ್ಕೆ ಕೆಳಗೆ ಆಸರೆ ಇರುವುದಿಲ್ಲ ಅಂತ ತೋರಿಸಿಕೊಟ್ಟೆ. ಕೊನೆಗೆ ಕಮಾನು ಪಟ್ಟಿಯನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಕತ್ತರಿಸಿ, ಎಕ್ಸಲನ್ನು ಎಂಟು ಇಂಚು ಹಿಂದಕ್ಕೆ ಸರಿಸಿ ಮತ್ತೆ ವೆಲ್ಡ್ ಮಾಡಿದರು. ಈಗ ಮೂತಿಯ ಭಾರ 60ರ ಆಸುಪಾಸು. ವೆಲ್ಡ್ ಮಾಡಿದ ಜಾಗಕ್ಕೆ ಜಿಂಕ್ ಪೇಂಟ್ ಹಚ್ಚುವುದನ್ನು ಅವರಾಗಿಯೇ ಮಾಡಿದರು, ಅದು ಮೆಚ್ಚುಗೆಯಾಯಿತು.

ಇಷ್ಟೆಲ್ಲ ಆದ ಮೇಲೂ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನನ್ನ ಸ್ಪೀಡ್ 65ರಿಂದ 70. ಅದೂ ಎಡಗಡೆಯ ಲೇನ್‌ನಲ್ಲಿ. ಕಾರಿಗೆ 100 ಅಂತ ಬೋರ್ಡ್ ಇದೆ, ನಿಜ. ಅದು ಕಾರಿಗೆ. ನನ್ನ ಟ್ರೇಲರಿಗೆ ಬ್ರೇಕೇ ಇಲ್ಲ, 640 ಕಿಲೋವನ್ನು ಬೊಲೆರೊ ಬ್ರೇಕೇ ತಡೆಯಬೇಕು. 60ರಲ್ಲಿ ಇರುವುದಕ್ಕಿಂತ 100ರಲ್ಲಿ ಆ ಬ್ರೇಕು ಅರಗಿಸಬೇಕಾದ ಶಕ್ತಿ ಸುಮಾರು 2.8 ಪಟ್ಟು. ಶ್ರೀರಂಗಪಟ್ಟಣ ದಾಟಿ ಮಂಡ್ಯ ಬೈಪಾಸ್ ಕಡೆ ಹೋಗುವಾಗ ಎರಡೂ ಕಡೆ ಬಯಲು, ಅಡ್ಡಗಾಳಿಗೆ ತಡೆಯಿಲ್ಲ. ಅಂಥ ಕಡೆ ಐರಾವತ ಬಸ್ ಪಕ್ಕದಲ್ಲಿ ಹಾದುಹೋದರೆ ಗಾಳಿ ಮೊದಲು ಆಚೆಗೆ ತಳ್ಳುತ್ತದೆ, ಆಮೇಲೆ ಬಸ್ಸಿನ ಕಡೆಗೇ ಎಳೆಯುತ್ತದೆ. 70ರಲ್ಲಿ ಸ್ಟೀರಿಂಗಿಗೆ ಸಣ್ಣಗೆ ತಿಳಿಯುತ್ತದೆ, ಅಷ್ಟೆ. 80 ದಾಟಿಸಿದರೆ ಹಿಂದಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ. ಅಲ್ಲಾಡತೊಡಗಿದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಅತ್ತಿತ್ತ ತಿರುಗಿಸಲೂ ಬೇಡಿ. ಆಕ್ಸಿಲರೇಟರ್ ಬಿಟ್ಟು ನೇರ ಹಿಡಿದುಕೊಳ್ಳಿ, ತಾನಾಗಿ ನಿಲ್ಲುತ್ತದೆ.

ಅಂದಹಾಗೆ, 2023ರ ಆಗಸ್ಟ್‌ನಿಂದ ಈ ರಸ್ತೆಯಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಟ್ರೇಲರ್ ಕಂಡ ತಕ್ಷಣ ಟ್ರ್ಯಾಕ್ಟರ್ ಲೆಕ್ಕಕ್ಕೆ ಸೇರಿಸುವವರು ಸಿಗುತ್ತಾರೆ. ಟ್ರೇಲರಿನ ಆರ್‌ಸಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಎಚ್.ಡಿ. ಕೋಟೆ ರಸ್ತೆಯಲ್ಲಿ 45, ಊರು ಬಂದರೆ ಅದಕ್ಕಿಂತ ಕಮ್ಮಿ. ಬಣ್ಣ ಹೊಡೆಯದ ಹಂಪ್ ಮೇಲೆ ಬೊಲೆರೊ ದಾಟಿದ್ದನ್ನು ಮರೆತು ಕಾಲು ಒತ್ತಿದರೆ ದೋಣಿ ಪಟ್ಟಿಯನ್ನೇ ಹರಿಯುವ ಹಾಗೆ ಎಗರುತ್ತದೆ. ಹೊರಟ ಹತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಪಟ್ಟಿ ಬಿಗಿ ಮಾಡುತ್ತೇನೆ, ಚಕ್ರದ ಹಬ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬೇರಿಂಗ್ ಕೆಟ್ಟಿದೆ ಅಂತಲೇ. ನದಿ ತಲುಪಿದ ಮೇಲೂ ಹಬ್ ತಣ್ಣಗಾಗುವ ತನಕ ನೀರಿಗೆ ಇಳಿಸುವುದಿಲ್ಲ. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗೆ ನೀರು ಹೀರಿಕೊಂಡು ಗ್ರೀಸ್ ಹಾಳಾಗುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಹಳೇ ಟೈರಿಗೆ ಮತ್ತು ಆ ನೂರರ ಮಾತಿಗೆ. ಕೇಳಿದ್ದನ್ನು ಮುಖ ಗಂಟಿಕ್ಕದೆ ಸರಿಮಾಡಿ ಕೊಡುವ ಜನ, ಮಾಡಿಸುವುದಾದರೆ ಧೈರ್ಯವಾಗಿ ಮಾಡಿಸಿ. ಸ್ಟೆಪ್ನಿ ಚಕ್ರ ಅವರ ರೇಟಿನಲ್ಲಿ ಸೇರಿಲ್ಲ, ಅದನ್ನು ಅಡ್ವಾನ್ಸ್ ಕೊಡುವಾಗಲೇ ಮಾತಾಡಿಕೊಳ್ಳಿ.