ನಮೂನೆ 17ಸಿ: ಬೂತ್ ಏಜೆಂಟ್ ಕೊಡುವ ಅಂಕ

ಮತದಾನ ಮುಗಿದ ಮೇಲೆ ನನ್ನಂಥ ಬೂತ್ ಏಜೆಂಟ್‌ಗೆ (ಅಭ್ಯರ್ಥಿಯ ಪರವಾಗಿ ಬೂತಿನಲ್ಲಿ ಕೂರುವವರಿಗೆ) ಸಿಗುವ ಅತಿ ಮುಖ್ಯ ಕಾಗದ ನಮೂನೆ 17ಸಿ, ಅಂದರೆ ಆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ಹಾಳೆ. ಮತಯಂತ್ರದ ಕಂಟ್ರೋಲ್ ಯೂನಿಟ್ (ಮತಗಳನ್ನು ದಾಖಲಿಸುವ ಭಾಗ) ನಂಬರ್, ಬಿದ್ದ ಒಟ್ಟು ಮತ, ಅದಕ್ಕೆ ಹಾಕುವ ಪೇಪರ್ ಸೀಲುಗಳ ಕ್ರಮಸಂಖ್ಯೆ ಎಲ್ಲ ಅದರಲ್ಲಿರುತ್ತದೆ. 1961ರ ಚುನಾವಣಾ ನಿಯಮ 49ಎಸ್ ಪ್ರಕಾರ, ಹಾಜರಿರುವ ಏಜೆಂಟರಿಗೆ ಅದರ ನಕಲು ಕೊಡುವುದು ಬೂತಿನ ಹೊಣೆ ಹೊತ್ತ ಪ್ರಿಸೈಡಿಂಗ್ ಅಧಿಕಾರಿಯ ಕರ್ತವ್ಯ, ಗೋಗರೆಯಬೇಕಿಲ್ಲ. ನಮ್ಮ ಬೂತಿನ ಮೇಡಂ ಸುಸ್ತಾಗಿದ್ದರೂ ಅಂಕಿಗಳನ್ನು ಎರಡೆರಡು ಸಲ ಓದಿ ಹೇಳಿ, ಸಹಿ ಹಾಕಿ ಕೊಟ್ಟರು. ಎಣಿಕೆಯ ದಿನ ಯಂತ್ರ ತೋರಿಸಿದ ಒಟ್ಟು ಮತವನ್ನು ಇದರ ಜೊತೆ ತಾಳೆ ನೋಡಿದೆ, ಸರಿಹೋಯಿತು.

ಐದಕ್ಕೆ ನಾಲ್ಕು. ಈ ಹಾಳೆ ಏಜೆಂಟರಿಗಷ್ಟೇ, ಮತ ಹಾಕಿದವರ ಕೈಗಲ್ಲ, ಅದಕ್ಕೇ ಒಂದು ಕಡಿತ. 2024ರ ಡಿಸೆಂಬರ್‌ನಲ್ಲಿ ಇದೇ ಚುನಾವಣಾ ನಿಯಮಗಳಲ್ಲಿ ಚುನಾವಣಾ ಕಾಗದಪತ್ರಗಳ ಪರಿಶೀಲನೆಗೆ ಸಂಬಂಧಿಸಿದ ನಿಯಮ 93 ತಿದ್ದಿ ಸಿಸಿಟಿವಿ ದೃಶ್ಯಗಳನ್ನು ಸಾರ್ವಜನಿಕ ಪರಿಶೀಲನೆಯಿಂದ ಹೊರಗಿಟ್ಟಿದ್ದೂ ನನಗೆ ಒಪ್ಪಿಗೆಯಿಲ್ಲ. ಏಜೆಂಟ್ ಆಗುವವರು 17ಸಿ ಪಡೆಯದೆ ಬೂತ್ ಬಿಟ್ಟು ಹೊರಡಬೇಡಿ.