ಹೂವು ನೋಡಿ ಗುಲಾಬಿ ಗಿಡ ಕೊಳ್ಳಬೇಡಿ, ಕಸಿಯ ಗಂಟು ನೋಡಿ ಕೊಳ್ಳಿ

2023ರ ನವೆಂಬರಿನಲ್ಲಿ, ಮೈಸೂರಿನ ನಮ್ಮ ಮನೆಯ ಮುಂದಿನ ಅಂಗಳಕ್ಕೆಂದು, ಊರ ಹೊರಗಿನ ಒಂದು ನರ್ಸರಿಯಿಂದ ಆರು ಗುಲಾಬಿ ಗಿಡಗಳನ್ನು ತಂದೆ. ಒಂದೊಂದಕ್ಕೆ 250 ರೂಪಾಯಿ. ಅವುಗಳಲ್ಲಿ ಎರಡು, ನಾನು ಬಹಳ ದಿನಗಳಿಂದ ಹುಡುಕುತ್ತಿದ್ದ ಡಬಲ್ ಡಿಲೈಟ್ ತಳಿಯವು. ಕೆನೆ ಬಣ್ಣದ ಎಸಳುಗಳ ಅಂಚಿನಿಂದ ಒಳಕ್ಕೆ ಕೆಂಪು ಹರಡಿಕೊಳ್ಳುವ, ಅಪಾರ ಪರಿಮಳವಿರುವ ಈ ಗುಲಾಬಿ ಹೈಬ್ರಿಡ್ ಟೀ ಎಂಬ ದೊಡ್ಡ ಹೂವಿನ ವರ್ಗದ್ದು, 1977ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದದ್ದು. ತಂದಾಗ ಆರೂ ಗಿಡಗಳಲ್ಲಿ ಅಂಗೈ ಅಗಲದ ಹೂಗಳಿದ್ದವು. ಈಗ ಒಂದೇ ಗಿಡ ಉಳಿದಿದೆ. ಇದೇ ರೀತಿ ಕಸಿ ಕಟ್ಟಿದ, ಇದೇ ರೀತಿ ಸೊರಗುವ ಗಿಡಗಳನ್ನು ಆಮೇಲೆ ಬೇರೆ ಮೂರು ಕಡೆ ಕಂಡಿದ್ದರಿಂದ ನರ್ಸರಿಯ ಹೆಸರನ್ನು ಬರೆಯುತ್ತಿಲ್ಲ. ಗಿಡದಲ್ಲಿ ಏನನ್ನು ನೋಡಬೇಕೆಂಬುದನ್ನು ಮಾತ್ರ ಬರೆಯುತ್ತೇನೆ.

ಜನವರಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಬಂದ ಹೂಗಳು ಚಿಕ್ಕದಾಗುತ್ತ ಹೋದವು. ಬೇಸಿಗೆಯ ಹೊತ್ತಿಗೆ ಹಳೆಯ ಕೊಂಬೆಗಳು ತುದಿಯಿಂದ ಕಪ್ಪಾಗಿ ಕೆಳಮುಖವಾಗಿ ಒಣಗತೊಡಗಿದವು. ಅದೇ ಸಮಯದಲ್ಲಿ ನಾಲ್ಕು ಗಿಡಗಳ ಬುಡದಿಂದ ತಿಳಿ ಹಸಿರು ಬಣ್ಣದ, ಮುಳ್ಳೇ ಇಲ್ಲವೆನ್ನುವಷ್ಟು ನುಣುಪಾದ ಹೊಸ ಚಿಗುರುಗಳು ಹೊರಟು, ಮಳೆಗಾಲ ಮುಗಿಯುವುದರೊಳಗೆ ಐದಡಿ ಎತ್ತರಕ್ಕೆ ಬೆಳೆದವು. ಗಿಡ ಚೇತರಿಸಿಕೊಳ್ಳುತ್ತಿದೆ ಎಂದು ನಂಬಿ, ಒಣಗಿದ ಹಳೆಯ ಕೊಂಬೆಗಳನ್ನೆಲ್ಲ ಕತ್ತರಿಸಿ, ಆ ಹೊಸ ಚಿಗುರುಗಳಿಗೆ ಕೋಲು ನೆಟ್ಟು ಕಟ್ಟಿ, ಕೊಟ್ಟಿಗೆ ಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಕೊಟ್ಟು ಸಾಕಿದೆ. ಒಂದು ಮೊಗ್ಗೂ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಕೊನೆಗೂ ಹೂ ಬಿಟ್ಟಾಗ ಅವು ಬೆರಳುಗುರಿಗಿಂತ ಸ್ವಲ್ಪವೇ ದೊಡ್ಡದಾದ, ಐದೇ ಎಸಳಿನ ಬಿಳಿ ಹೂಗಳ ಗೊಂಚಲುಗಳಾಗಿದ್ದವು. ಒಂದು ವರ್ಷವಿಡೀ ನಾನು ಸಾಕಿದ್ದು ನಾನು ಕೊಂಡ ಗುಲಾಬಿಯನ್ನಲ್ಲ, ಅದಕ್ಕೆ ಬೇರು ಕೊಡಲೆಂದು ಕೆಳಗಿದ್ದ ಕಾಡು ಗುಲಾಬಿಯನ್ನು, ಅಂದರೆ ಬೇರುಸಸಿಯನ್ನು.

ನರ್ಸರಿಗಳಲ್ಲಿ ಸಿಗುವ ದೊಡ್ಡ ಹೂವಿನ ಗುಲಾಬಿಗಳಲ್ಲಿ ಹೆಚ್ಚಿನವು ಕಣ್ಣು ಕಸಿ ಮಾಡಿದವು. ಗಟ್ಟಿಯಾಗಿ ಬೇರು ಬಿಡುವ ಒಂದು ಕಾಡು ಗುಲಾಬಿಯ ಕಾಂಡದ ತೊಗಟೆಯನ್ನು ಸೀಳಿ, ನಮಗೆ ಬೇಕಾದ ತಳಿಯ ಒಂದೇ ಒಂದು ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಿ ಕಟ್ಟುತ್ತಾರೆ. ಕಣ್ಣು ಕೂಡಿಕೊಂಡ ಆ ಉಬ್ಬಿದ ಜಾಗವೇ ಕಸಿಯ ಗಂಟು. ಜಪಾನ್, ಕೊರಿಯಾ, ಚೀನಾಗಳ ಮೂಲದ ರೋಸಾ ಮಲ್ಟಿಫ್ಲೋರಾ ಇದಕ್ಕೆ ಬಳಕೆಯಾಗುವ ಬೇರುಸಸಿಗಳಲ್ಲಿ ಒಂದು. ನನ್ನ ಅಂಗಳದಲ್ಲಿ ಅರಳಿದ ಬಿಳಿ ಗೊಂಚಲು ಅದರದೇ ಲಕ್ಷಣದ್ದು. ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರು ಈ ಕಾಡು ಗಿಡದ ಸ್ವಂತ ಚಿಗುರು. ಅದಕ್ಕೆ ಬೇರು ಹತ್ತಿರ, ಬೆಳೆಯುವ ಶಕ್ತಿಯೂ ಹೆಚ್ಚು. ಬಿಟ್ಟರೆ ಮೇಲಿನ ತಳಿಗೆ ಹೋಗಬೇಕಾದ ಆಹಾರವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಒಂದು ಎಲೆಯಲ್ಲಿ ಏಳು ಕಿರುಎಲೆಗಳಿದ್ದರೆ ಕಾಡು ಚಿಗುರು, ಐದಿದ್ದರೆ ಒಳ್ಳೆಯದು ಎಂಬ ಮಾತನ್ನು ನಾನೂ ಕೇಳಿದ್ದೆ. ಅದನ್ನು ನಂಬಬೇಡಿ. ಒಳ್ಳೆಯ ತಳಿಗಳಲ್ಲೂ ಏಳು ಬರುವುದುಂಟು. ಚಿಗುರು ಗಂಟಿನ ಮೇಲಿನಿಂದ ಹೊರಟಿದೆಯೋ ಕೆಳಗಿನಿಂದಲೋ ಎಂಬುದೊಂದೇ ಸರಿಯಾದ ಪರೀಕ್ಷೆ.

ನನಗೆ ಆ ಪರೀಕ್ಷೆ ಮಾಡಲು ಸಾಧ್ಯವೇ ಇರಲಿಲ್ಲ, ಏಕೆಂದರೆ ನೆಡುವಾಗ ಗಂಟನ್ನು ಮಣ್ಣಿನಲ್ಲಿ ಹೂತಿದ್ದೆ. ಯಾವುದೋ ಹೊರದೇಶದ ವಿಡಿಯೊದಲ್ಲಿ ಹಾಗೆ ತೋರಿಸಿದ್ದರು. ಹಿಮ ಬೀಳುವ ನಾಡುಗಳಲ್ಲಿ ಗಂಟನ್ನು ಚಳಿಯಿಂದ ಕಾಪಾಡಲು ಹೂಳುತ್ತಾರೆ. ನಮ್ಮಲ್ಲಿ ಅದು ನೆಲದಿಂದ ಎರಡು ಅಂಗುಲ ಮೇಲಿರಬೇಕು. ಈ ತಪ್ಪು ಪೂರ್ತಿಯಾಗಿ ನನ್ನದು.

ಉಳಿದದ್ದು ನನ್ನದಲ್ಲ. ಕೊಂಬೆ ಒಣಗುತ್ತಿದೆ ಎಂದು ನರ್ಸರಿಯವರನ್ನು ಕೇಳಿದಾಗ, ಗಿಡವನ್ನು ನೋಡದೆಯೇ, "ಗೊಬ್ಬರ ಸಾಲದು ಸಾರ್, ಡಿಎಪಿ ಹಾಕಿ" ಎಂದರು. ಆ ರಾಸಾಯನಿಕ ಗೊಬ್ಬರವನ್ನು ಹಾಕಿದೆ. ಹತ್ತು ದಿನಗಳಲ್ಲಿ ಎಲೆಗಳ ಅಂಚು ಸುಟ್ಟಂತಾಗಿ ಒಂದು ಗಿಡ ಸತ್ತೇ ಹೋಯಿತು. ಅದನ್ನು ಅಗೆದು ತೆಗೆದಾಗ ಕಂಡದ್ದನ್ನು ನಾನು ಮರೆಯಲಾರೆ. ಸುತ್ತಲಿನ ಮಣ್ಣು ಒದ್ದೆಯಾಗಿತ್ತು. ಆದರೆ ನರ್ಸರಿಯಿಂದ ಬಂದ ಜಿಗುಟು ಮಣ್ಣಿನ ಉಂಡೆ ಹಾಗೆಯೇ ಇಟ್ಟಿಗೆಯಂತೆ ಗಟ್ಟಿಯಾಗಿ ಒಣಗಿ ಕುಳಿತಿತ್ತು, ಒಂದು ಬೇರೂ ಅದರಿಂದ ಹೊರಗೆ ಬಂದಿರಲಿಲ್ಲ. ನಾನು ದಿನವೂ ಹಾಕಿದ ನೀರು ಉಂಡೆಯ ಪಕ್ಕದಿಂದ ಇಳಿದು ಹೋಗಿತ್ತು. ಉಂಡೆಯ ಮೇಲೆ, ಕಸಿಯ ಜಾಗದಲ್ಲಿ, ಕಣ್ಣು ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇತ್ತು. ಕಣ್ಣು ಹಿಡಿದುಕೊಂಡ ಮೂರು ನಾಲ್ಕು ವಾರಗಳಲ್ಲಿ ಬಿಚ್ಚಬೇಕಾದ ಪಟ್ಟಿಯದು. ಕಾಂಡ ದಪ್ಪವಾದಂತೆ ಅದು ತೊಗಟೆಯೊಳಗೆ ಹೂತು, ಉಂಗುರ ಬಿಗಿದ ಬೆರಳಿನಂತೆ ಮೇಲೂ ಕೆಳಗೂ ಊದಿಕೊಂಡಿತ್ತು. ಉಗುರಿನಿಂದ ಕೆರೆದರೆ ಪಟ್ಟಿ ಮುಚ್ಚಿದ್ದ ಜಾಗದಲ್ಲಿ ಕಪ್ಪು, ಅದಕ್ಕಿಂತ ಕೆಳಗಿನ ಕಾಂಡದಲ್ಲಿ ಹಸಿರು.

ಆದ್ದರಿಂದ ಕೊಳ್ಳುವಾಗ ಹೂವಿನಿಂದ ಕಣ್ಣು ತೆಗೆದು ಬುಡಕ್ಕೆ ಬಗ್ಗಿ ನೋಡಿ. ಗಂಟು ಕಾಣಿಸದಿದ್ದರೆ ಮೇಲಿನ ಮಣ್ಣನ್ನು ಬೆರಳಿನಿಂದ ಸರಿಸಿ. ಸರಿಸಲು ಬಿಡದವರ ಬಳಿ ಕೊಳ್ಳಬೇಡಿ. ಗಂಟಿನ ಮೇಲಿನಿಂದ ಕನಿಷ್ಠ ಎರಡು ಗಟ್ಟಿ ಕೊಂಬೆಗಳು ಹೊರಟಿರಬೇಕು, ಪಟ್ಟಿ ಬಿಚ್ಚಿರಬೇಕು ಅಥವಾ ನಿಮ್ಮೆದುರೇ ಬಿಚ್ಚಿಸಬೇಕು. ಮನೆಗೆ ತಂದ ಮೇಲೆ ಜಿಗುಟು ಮಣ್ಣಿನ ಉಂಡೆಯನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿಟ್ಟು, ಹೊರಪದರವನ್ನು ಮೆಲ್ಲಗೆ ಬಿಡಿಸಿ ನೆಡಿ. ಹೊಸ ಬೇರು ಬರುವವರೆಗೆ ರಾಸಾಯನಿಕ ಗೊಬ್ಬರ ಬೇಡವೇ ಬೇಡ.

ಈಗಾಗಲೇ ಕಾಡು ಚಿಗುರು ಬಂದಿದ್ದರೆ ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಬೇಡಿ. ನಾನು ಹಾಗೆ ಮಾಡಿ ಒಂದರ ಜಾಗದಲ್ಲಿ ಮೂರನ್ನು ಪಡೆದೆ. ಮಣ್ಣು ತೆಗೆದು, ಚಿಗುರು ಹುಟ್ಟಿದ ಜಾಗವನ್ನು ಕಂಡುಹಿಡಿದು, ಅಲ್ಲಿಂದಲೇ ಕೆಳಕ್ಕೆ ಎಳೆದು ಕಿತ್ತುಬಿಡಿ. ಒಣಗುತ್ತಿರುವ ಕೊಂಬೆಯನ್ನು, ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ ಸವರಿ, 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರಿನ ಲೆಕ್ಕದಲ್ಲಿ ಮಾಡಿದ, ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮನ್ನು ಗಾಯಕ್ಕೆ ಹಚ್ಚಿ. ನನ್ನ ಕೊನೆಯ ಡಬಲ್ ಡಿಲೈಟ್ ಬದುಕಿದ್ದು ಹೀಗೆ. ಪರಿಮಳವೊಂದೇ ಸಾಕು ಎನ್ನುವವರು ಪನ್ನೀರು ಗುಲಾಬಿಯ ಕಡ್ಡಿ ನೆಡಬಹುದು. ಅದು ತನ್ನ ಬೇರಿನ ಮೇಲೆಯೇ ನಿಲ್ಲುವುದರಿಂದ ಬುಡದಿಂದ ಬರುವ ಚಿಗುರೂ ಪನ್ನೀರೇ ಆಗಿರುತ್ತದೆ.

ಸತ್ತ ಗಿಡದ ಬುಡವನ್ನು ತೆಗೆದುಕೊಂಡು ಹೋಗಿ ಪಟ್ಟಿಯನ್ನು ತೋರಿಸಿದಾಗ ನರ್ಸರಿಯವರು ರಸೀದಿ ಕೇಳಿದರು. ಅದರಲ್ಲಿ ಇದ್ದದ್ದು "ಹೂವಿನ ಗಿಡ 6, ರೂ. 1500" ಎಂದಷ್ಟೇ, ಯಾವ ತಳಿ, ಕಸಿಯೋ ಅಲ್ಲವೋ, ಒಂದೂ ಇರಲಿಲ್ಲ, ಹಾಗಾಗಿ ನನ್ನ ಮಾತು ಅಲ್ಲಿಗೆ ನಿಂತಿತು. ಹಣ ಕೊಡುವ ಮೊದಲೇ ತಳಿಯ ಹೆಸರನ್ನೂ ಕಸಿ ಗಿಡ ಎಂಬುದನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಿ, ಮತ್ತು ಗಂಟಿನ ಒಂದು ಫೋಟೊವನ್ನು ಅಂಗಡಿಯಲ್ಲಿಯೇ ತೆಗೆದಿಟ್ಟುಕೊಳ್ಳಿ.